ಅಮೆರಿಕದ ಚಳವಳಿಗಳು, ರಾಜಕೀಯ ಕೈದಿಗಳು: ಡಿಜಿಟಲ್ ಆರ್ಕೈವ್‌ನಲ್ಲಿ ಹುಡುಕುವುದು ಹೇಗೆ?

ಸರ್ಚ್ ಬಾಕ್ಸಿನಲ್ಲಿ ‘ಬ್ಲ್ಯಾಕ್ ಪ್ಯಾಂಥರ್’ ಎಂದು, ಅಂದರೆ ಅಮೆರಿಕದ ಕಪ್ಪು ಜನರ ಒಂದು ಹೋರಾಟದ ಪಕ್ಷದ ಹೆಸರನ್ನು, ಟೈಪ್ ಮಾಡಿ ಎಂಟರ್ ಒತ್ತಿ. ಪುಟಗಟ್ಟಲೆ ಫಲಿತಾಂಶ ಬಂದು ಬೀಳುತ್ತದೆ. ಕರಪತ್ರ, ರೇಡಿಯೊ ಟೇಪು, ಪೋಸ್ಟರ್, ಕೋರ್ಟಿನ ಕಾಗದ, ಜೈಲಿನಿಂದ ಬರೆದ ಪತ್ರ, ಎಲ್ಲಾ ಒಟ್ಟೊಟ್ಟಿಗೆ. ಎಲ್ಲಿಂದ ಶುರು ಮಾಡಬೇಕು ಅನ್ನೋದೇ ತಿಳಿಯುವುದಿಲ್ಲ. ಅದೇ ಆ ಪಕ್ಷದ ಒಬ್ಬ ನಾಯಕ ‘ಎಲ್ಮರ್ ಪ್ರ್ಯಾಟ್’ ಹೆಸರು ಹಾಕಿ ಹುಡುಕಿ ನೋಡಿ. ಚಳವಳಿಯವರೇ ಕಟ್ಟಿದ ಆರ್ಕೈವ್ (ದಾಖಲೆಗಳ ಸಂಗ್ರಹ) ಆದರೆ ಸಿಗುವುದು ಕಡಿಮೆ. ಆ ಮನುಷ್ಯನ ಬಗ್ಗೆ ಇರುವುದೆಲ್ಲ ‘ಜೆರಾನಿಮೊ’ ಎಂಬ ಹೆಸರಿನ ಕೆಳಗೆ ಕೂತಿರುತ್ತದೆ.

ಯಾಕೆ ಹೀಗೆ? ಸರ್ಚ್ ಬಾಕ್ಸ್ ಟೇಪನ್ನು ಕೇಳುವುದಿಲ್ಲ, ಕೈಬರಹದ ಪತ್ರವನ್ನು ಓದುವುದಿಲ್ಲ. ಅದರ ಜೊತೆ ಯಾರೋ ಬರೆದಿಟ್ಟ ವಿವರವನ್ನಷ್ಟೇ ಓದುತ್ತದೆ. ಆ ವಿವರ ಬರೆದವರು ಯಾರು? ಚಳವಳಿಯಲ್ಲಿದ್ದವರೋ, ಗ್ರಂಥಾಲಯದವರೋ, ಪೊಲೀಸರೋ? ಅವರು ಯಾವ ಮಾತು ಬಳಸಿದರು? ಇದನ್ನು ಊಹಿಸಲು ಬಂದರೆ ಅರ್ಧ ಕೆಲಸ ಆದ ಹಾಗೆ. ಈ ಲೇಖನದ ಎಲ್ಲಾ ಹೆಜ್ಜೆಗಳ ಹಿಂದೆ ಇರುವುದು ಇದೊಂದೇ ಪ್ರಶ್ನೆ.

ಇಲ್ಲಿ ನಾನು ಹೇಳುತ್ತಿರುವುದು ಅಮೆರಿಕದ ಚಳವಳಿಗಳ ಬಗ್ಗೆ, ಅದರಲ್ಲೂ ಮುಖ್ಯವಾಗಿ 1960 ಮತ್ತು 70ರ ದಶಕದ ಬಗ್ಗೆ. ಹೆಸರುಗಳನ್ನು ಕನ್ನಡ ಲಿಪಿಯಲ್ಲಿ ಕೊಟ್ಟಿದ್ದೇನೆ. ಹುಡುಕುವಾಗ ಇಂಗ್ಲಿಷಿನಲ್ಲೇ ಟೈಪ್ ಮಾಡಿ.

ಹೆಜ್ಜೆ 1: ಆರ್ಕೈವ್ ಯಾರದು ಅಂತ ಮೊದಲು ನೋಡಿ

ಚಳವಳಿಯವರೇ ಕಟ್ಟಿದ ಸಂಗ್ರಹಗಳಿವೆ. ಸ್ಯಾನ್ ಫ್ರಾನ್ಸಿಸ್ಕೊದಲ್ಲಿ 1999ರಲ್ಲಿ ಶುರುವಾದ ಫ್ರೀಡಂ ಆರ್ಕೈವ್ಸ್ ಅಂಥದ್ದು. 60ರ ದಶಕದ ಕೊನೆಯಿಂದ 90ರ ದಶಕದವರೆಗಿನ ರೇಡಿಯೊ ಕಾರ್ಯಕ್ರಮ, ಭಾಷಣ, ಸಂದರ್ಶನ ಎಲ್ಲಾ ಸೇರಿ 10,000 ಗಂಟೆಗೂ ಜಾಸ್ತಿ ಆಡಿಯೊ ವಿಡಿಯೊ ಅಲ್ಲಿದೆ. ಕಾಗದದ ದಾಖಲೆಗಳೂ ಬೇಕಾದಷ್ಟಿವೆ. ಇಂಥ ಕಡೆ ‘ರಾಜಕೀಯ ಕೈದಿ’ ಅನ್ನುವುದು ಸಹಜವಾದ ವಿಭಾಗ. ಆ ಪದ ಹಾಕಿ ಹುಡುಕಬಹುದು.

ವಿಶ್ವವಿದ್ಯಾಲಯಗಳ ಸಂಗ್ರಹ ಇನ್ನೊಂದು ಬಗೆ. ಮಿಷಿಗನ್ ವಿಶ್ವವಿದ್ಯಾಲಯದ ಲ್ಯಾಬಡಿ ಸಂಗ್ರಹ ಇವುಗಳಲ್ಲಿ ತುಂಬಾ ಹಳೆಯದು. ಡೆಟ್ರಾಯಿಟ್‌ನ ಅರಾಜಕತಾವಾದಿ ಜೋಸೆಫ್ ಲ್ಯಾಬಡಿ 1911ರಲ್ಲಿ ತಮ್ಮ ಕಾಗದಪತ್ರಗಳನ್ನೆಲ್ಲ ಅಲ್ಲಿಗೆ ಕೊಟ್ಟರು. ಮುಂದೆ ಆಗ್ನೆಸ್ ಇಂಗ್ಲಿಸ್ ಎಂಬಾಕೆ 1924ರಲ್ಲಿ ಬಂದು ನೋಡಿದಾಗ ಅವು ಹಾಗೇ ಬಿದ್ದಿದ್ದವು. ಆಕೆ 1952ರಲ್ಲಿ ಸಾಯುವವರೆಗೂ ಅವುಗಳನ್ನು ಜೋಡಿಸುತ್ತಲೇ ಇದ್ದರು. ಇವತ್ತು ನಮಗೆ ಒಂದು ಕರಪತ್ರ ಸಿಗುತ್ತಿದೆ ಅಂದರೆ ಅದರ ಹಿಂದೆ ಇಂಥ ಒಬ್ಬರು ಇದ್ದೇ ಇರುತ್ತಾರೆ. ನ್ಯೂಯಾರ್ಕ್ ವಿಶ್ವವಿದ್ಯಾಲಯದ ಟ್ಯಾಮಿಮೆಂಟ್ ಗ್ರಂಥಾಲಯ, ವಿಸ್ಕಾನ್ಸಿನ್ ಹಿಸ್ಟಾರಿಕಲ್ ಸೊಸೈಟಿ, ಪರ್ಯಾಯ ಪತ್ರಿಕೆಗಳಿಗೆ ಇಂಡಿಪೆಂಡೆಂಟ್ ವಾಯ್ಸಸ್ ಇವನ್ನೂ ನೆನಪಿಟ್ಟುಕೊಳ್ಳಿ. ಜೈಲಿನೊಳಗೆ ಕೈದಿಗಳೇ ತಂದ ಪತ್ರಿಕೆಗಳು ಬೇಕಾದರೆ ಜೆಸ್ಟೋರ್‌ನಲ್ಲಿರುವ ಅಮೆರಿಕನ್ ಪ್ರಿಸನ್ ನ್ಯೂಸ್‌ಪೇಪರ್ಸ್ ಸಂಗ್ರಹಕ್ಕೆ ಹೋಗಿ.

ಮೂರನೆಯದು ಸರ್ಕಾರದ್ದು. ಅಮೆರಿಕದ ಕೇಂದ್ರ ತನಿಖಾ ಸಂಸ್ಥೆ ಎಫ್‌ಬಿಐ ತನ್ನ ಹಳೆಯ ಫೈಲುಗಳನ್ನು ಹಾಕುವ ‘ವಾಲ್ಟ್’ ತಾಣ ಮತ್ತು ನ್ಯಾಷನಲ್ ಆರ್ಕೈವ್ಸ್. ಇಲ್ಲಿ ‘ರಾಜಕೀಯ ಕೈದಿ’ ಎಂದು ಹುಡುಕಿದರೆ ಕೈಗೆ ಸಿಗುವುದು ಬಹಳ ಕಡಿಮೆ. ನಮ್ಮಲ್ಲಿ ರಾಜಕೀಯ ಕೈದಿಗಳೇ ಇಲ್ಲ ಎಂಬುದು ಅಮೆರಿಕ ಸರ್ಕಾರದ ನಿಲುವು. 1978ರಲ್ಲಿ ವಿಶ್ವಸಂಸ್ಥೆಯಲ್ಲಿ ಅಮೆರಿಕದ ರಾಯಭಾರಿಯಾಗಿದ್ದ ಆಂಡ್ರ್ಯೂ ಯಂಗ್, ನಮ್ಮ ಜೈಲುಗಳಲ್ಲೂ ನೂರಾರು, ಬಹುಶಃ ಸಾವಿರಾರು ರಾಜಕೀಯ ಕೈದಿಗಳು ಇದ್ದಾರೆ ಎಂದು ಒಂದು ಫ್ರೆಂಚ್ ಪತ್ರಿಕೆಗೆ ಹೇಳಿದ್ದಕ್ಕೆ ದೊಡ್ಡ ಗದ್ದಲವೇ ಎದ್ದಿತ್ತು. ಹಾಗಾಗಿ ಸರ್ಕಾರಿ ಕಡತದಲ್ಲಿ ಹುಡುಕುವಾಗ ‘ಎಕ್ಸ್‌ಟ್ರೀಮಿಸ್ಟ್’, ‘ಸಬ್‌ವರ್ಸಿವ್’, ‘ಡೊಮೆಸ್ಟಿಕ್ ಸೆಕ್ಯೂರಿಟಿ’, ‘ಬ್ಲ್ಯಾಕ್ ನ್ಯಾಷನಲಿಸ್ಟ್’ ಇಂಥ ಪದಗಳನ್ನು ಹಾಕಬೇಕು. ಆ ಮಾತು ನಿಮಗೆ ಇಷ್ಟವಾಗದೇ ಇರಬಹುದು. ಆದರೆ ಫೈಲಿನ ಮೇಲೆ ಬರೆದಿರುವುದು ಅದೇ.

ಹೆಜ್ಜೆ 2: ಚಿಕ್ಕ ಪ್ರಶ್ನೆ ಹಿಡಿದುಕೊಳ್ಳಿ

‘ಪ್ಯಾಂಥರ್ ಪಕ್ಷದ ಇತಿಹಾಸ’ ಎಂದು ಹೊರಟರೆ ಮುಳುಗಿಹೋಗುತ್ತೀರಿ. ಒಬ್ಬ ಮನುಷ್ಯ, ಒಂದು ದಿನ, ಒಂದು ಕೋರ್ಟ್ ಕೇಸು, ಇಷ್ಟು ಸಾಕು. ಒಂದು ಉದಾಹರಣೆಯನ್ನು ಕೊನೆತನಕ ನೋಡೋಣ.

1969ರ ಡಿಸೆಂಬರ್ 4. ಬೆಳಗಿನ ಜಾವ ಐದು ಗಂಟೆ ಕೂಡ ಆಗಿರಲಿಲ್ಲ. ಷಿಕಾಗೊ ಪೊಲೀಸರು ವೆಸ್ಟ್ ಮನ್ರೋ ಬೀದಿಯ 2337ನೇ ನಂಬರಿನ ಮನೆಗೆ ನುಗ್ಗಿದರು. ಇಲಿನಾಯ್ ಪ್ಯಾಂಥರ್ ನಾಯಕ ಫ್ರೆಡ್ ಹ್ಯಾಂಪ್ಟನ್ ಹಾಸಿಗೆಯಲ್ಲಿದ್ದ. ಅವನಿಗೆ 21 ವರ್ಷ. ಅವನೂ ಸತ್ತ, ಬಾಗಿಲ ಬಳಿ ಇದ್ದ ಮಾರ್ಕ್ ಕ್ಲಾರ್ಕ್ ಕೂಡ ಸತ್ತ. ಎರಡೂ ಕಡೆಯಿಂದ ಗುಂಡಿನ ಕಾಳಗ ನಡೆಯಿತು ಎಂದು ಪೊಲೀಸರು ಹೇಳಿದರು. 1970ರಲ್ಲಿ ಫೆಡರಲ್ ಗ್ರ್ಯಾಂಡ್ ಜ್ಯೂರಿ (ಮೊಕದ್ದಮೆ ಹೂಡಬೇಕೇ ಎಂದು ನೋಡುವ ನಾಗರಿಕರ ಮಂಡಳಿ) ವರದಿ ಬಂದಾಗ ಗೊತ್ತಾಗಿದ್ದೇ ಬೇರೆ: ಪೊಲೀಸರ ಕಡೆಯಿಂದ 80ಕ್ಕೂ ಹೆಚ್ಚು ಗುಂಡು, ಪ್ಯಾಂಥರ್‌ಗಳ ಕಡೆಯಿಂದ ಒಂದು.

ಈಗ ‘ಫ್ರೆಡ್ ಹ್ಯಾಂಪ್ಟನ್’ ಎಂದು ಹುಡುಕಿ. ಮೊದಲ ತೊಡಕು, ಮಗ. ತಂದೆ ಸತ್ತ ಮೇಲೆ, ಅದೇ ತಿಂಗಳಲ್ಲಿ ಹುಟ್ಟಿದ ಮಗನ ಹೆಸರೂ ಫ್ರೆಡ್ ಹ್ಯಾಂಪ್ಟನ್. ಅವರೂ ಹೋರಾಟಗಾರ, ಅವರೂ ಜೈಲು ಕಂಡವರು. ಹಾಗಾಗಿ ವರ್ಷದ ಫಿಲ್ಟರ್ ಹಾಕಿ: 1968ರಿಂದ 1972. ಫಲಿತಾಂಶ ಸಾಕಷ್ಟು ಇಳಿಯುತ್ತದೆ.

ಆಮೇಲೆ ಬಂದ ಪ್ರತಿಯೊಂದು ವಿವರವನ್ನೂ ನಿಧಾನವಾಗಿ ಓದಿ. ಅಲ್ಲಿ ಬರುವ ಬೇರೆ ಹೆಸರುಗಳನ್ನು ಒಂದು ಹಾಳೆಯಲ್ಲಿ ಬರೆದುಕೊಳ್ಳುತ್ತಾ ಹೋಗಿ. ದಾಳಿ ಮಾಡಿಸಿದ ಸ್ಟೇಟ್ ಅಟಾರ್ನಿ, ಅಂದರೆ ಸರ್ಕಾರಿ ವಕೀಲ, ಎಡ್ವರ್ಡ್ ಹ್ಯಾನ್ರಹನ್. ಮನೆಯ ನಕ್ಷೆ ಎಫ್‌ಬಿಐಗೆ ಕೊಟ್ಟ ವಿಲಿಯಂ ಓನೀಲ್. ಆಗ ಪ್ಯಾಂಥರ್‌ಗಳ ಭದ್ರತೆ ನೋಡಿಕೊಳ್ಳುತ್ತಿದ್ದವನು ಅವನೇ. ಸತ್ತವರ ಮನೆಯವರು ಹೂಡಿದ ‘ಹ್ಯಾಂಪ್ಟನ್ ವರ್ಸಸ್ ಹ್ಯಾನ್ರಹನ್’ ದಾವೆ. ಅವರ ಪರ ನಿಂತ ಪೀಪಲ್ಸ್ ಲಾ ಆಫೀಸ್. ಈಗ ಈ ಒಂದೊಂದನ್ನೂ ಬೇರೆ ಬೇರೆಯಾಗಿ ಹುಡುಕಿ. ಹ್ಯಾಂಪ್ಟನ್ ಹೆಸರೇ ಇಲ್ಲದ ದಾಖಲೆಗಳು ಬರಲು ಶುರುವಾಗುತ್ತವೆ. ಬೆಲೆಬಾಳುವ ಎಷ್ಟೋ ದಾಖಲೆ ಸಿಗುವುದು ಈ ಎರಡನೇ ಸುತ್ತಿನಲ್ಲಿ.

ಘಟನೆಯನ್ನು ಕರೆಯುವ ಪದವೂ ಬದಲಾಗುತ್ತದೆ. ಅಂದಿನ ದೊಡ್ಡ ಪತ್ರಿಕೆಗಳಲ್ಲಿ ‘ಷೂಟೌಟ್’, ‘ಗನ್ ಬ್ಯಾಟಲ್’. ಸರ್ಕಾರಿ ವರದಿಯಲ್ಲಿ ‘ರೇಡ್’. ಚಳವಳಿಯ ಪತ್ರಿಕೆಯಲ್ಲಿ ‘ಮರ್ಡರ್’, ‘ಅಸಾಸಿನೇಷನ್’. ಮೂರೂ ಹಾಕಿ ನೋಡಿ. ಕೊನೆಗೆ ವರ್ಷದ ಫಿಲ್ಟರ್ ಬದಲಿಸಿ 1982ಕ್ಕೆ ಇಡಿ. ಆ ವರ್ಷ ಸರ್ಕಾರಗಳು ಆ ದಾವೆಯಲ್ಲಿ 18.5 ಲಕ್ಷ ಡಾಲರ್ ಕೊಟ್ಟು ರಾಜಿ ಮಾಡಿಕೊಂಡವು. ಆಗ ಬಂದ ರೇಡಿಯೊ ಕಾರ್ಯಕ್ರಮ, ಲೇಖನಗಳಲ್ಲಿ ಹಳೆಯ ಸಾಕ್ಷಿಗಳು ಮತ್ತೆ ಮಾತಾಡಿರುತ್ತಾರೆ.

ಹೆಜ್ಜೆ 3: ಒಬ್ಬೊಬ್ಬರಿಗೂ ಎರಡು ಹೆಸರು

ಈ ಹೆಜ್ಜೆಗೆ ಜಾಸ್ತಿ ಹೊತ್ತು ಕೊಡಿ. ಈ ಚಳವಳಿಗಳಲ್ಲಿ ಅನೇಕರು ಹುಟ್ಟಿನ ಹೆಸರನ್ನು ಬಿಟ್ಟು ಹೊಸ ಹೆಸರು ಇಟ್ಟುಕೊಂಡರು. ಹಳೆಯ ಹೆಸರು ಗುಲಾಮಗಿರಿಯ ಕಾಲದಲ್ಲಿ ಯಜಮಾನ ಕೊಟ್ಟದ್ದು ಎಂದು ಅವರಲ್ಲಿ ಹಲವರು ಭಾವಿಸಿದ್ದರು. ಆದರೆ ಪೊಲೀಸ್, ಕೋರ್ಟು, ಜೈಲು ಆ ಹಳೆಯ ಹೆಸರನ್ನೇ ಬಳಸುತ್ತಾ ಹೋದವು. ಹೀಗಾಗಿ ಒಂದೇ ಜೀವನದ ದಾಖಲೆ ಎರಡು ಹೆಸರಲ್ಲಿ ಹರಿದುಹೋಗಿದೆ.

ಕಪ್ಪು ಜನರ ಹೋರಾಟದಲ್ಲಿದ್ದ ಕೆಲವರನ್ನು ನೋಡಿ. ಸ್ಟೋಕ್ಲಿ ಕಾರ್ಮೈಕೆಲ್ ಮುಂದೆ ಕ್ವಾಮೆ ಟೂರೆ ಆದರು. ಎಚ್. ರ‍್ಯಾಪ್ ಬ್ರೌನ್ ಜಮೀಲ್ ಅಬ್ದುಲ್ಲಾ ಅಲ್-ಅಮೀನ್ ಆದರು. ವೆಸ್ಲಿ ಕುಕ್ ಎಂದರೆ ಮುಮಿಯಾ ಅಬು-ಜಮಾಲ್. ಕ್ಲಾರ್ಕ್ ಸ್ಕ್ವೈರ್ ಎಂದರೆ ಸುಂಡಿಯಾಟಾ ಅಕೋಲಿ. ಅಸಾಟಾ ಶಕೂರ್ ಅವರನ್ನು ಎಫ್‌ಬಿಐ 2013ರಲ್ಲಿ ತನ್ನ ಮೋಸ್ಟ್ ವಾಂಟೆಡ್ ಭಯೋತ್ಪಾದಕರ ಪಟ್ಟಿಗೆ ಸೇರಿಸಿದಾಗಲೂ ಹಾಕಿದ್ದು ಜೋಆನ್ ಚೆಸಿಮಾರ್ಡ್ ಎಂಬ ಹೆಸರನ್ನೇ. ಮೇಲೆ ಹೇಳಿದ ಎಲ್ಮರ್ ಪ್ರ್ಯಾಟ್ 27 ವರ್ಷ ಜೈಲಿನಲ್ಲಿದ್ದು, ಶಿಕ್ಷೆ ರದ್ದಾಗಿ 1997ರಲ್ಲಿ ಹೊರಬಂದರು. ಅವರ ಹೆಸರು ಜೆರಾನಿಮೊ ಪ್ರ್ಯಾಟ್ ಎಂದೂ, ಜೆರಾನಿಮೊ ಜಿ ಜಾಗಾ ಎಂದೂ ಸಿಗುತ್ತದೆ. ಕೆಲವರು ಮೊದಲಕ್ಷರವನ್ನು ಚಿಕ್ಕದಾಗಿ ಬರೆದಿರುತ್ತಾರೆ, ಕೆಲವರು ‘ಜಿ’ ಬಿಟ್ಟಿರುತ್ತಾರೆ.

ಫಿಲಡೆಲ್ಫಿಯಾದ ಮೂವ್ ಎಂಬ ಹೋರಾಟದ ಗುಂಪಿನಲ್ಲಿ ಎಲ್ಲರ ಮನೆತನದ ಹೆಸರೂ ‘ಆಫ್ರಿಕಾ’. 1985ರ ಮೇ 13ರಂದು ಪೊಲೀಸರು ಹೆಲಿಕಾಪ್ಟರ್‌ನಿಂದ ಅವರ ಮನೆಯ ಮೇಲೆ ಬಾಂಬು ಹಾಕಿದರು. 11 ಜನ ಸತ್ತರು, ಅದರಲ್ಲಿ 5 ಮಕ್ಕಳು. ಇದರ ಬಗ್ಗೆ ಹುಡುಕಲು ಬರೀ ‘ಆಫ್ರಿಕಾ’ ಎಂದು ಹಾಕಿದರೆ ಆಫ್ರಿಕಾ ಖಂಡದ ವಿಮೋಚನಾ ಹೋರಾಟಗಳೆಲ್ಲ ಬಂದುಬಿಡುತ್ತವೆ. ‘ಮೂವ್’ ಎಂದು ಹಾಕಿದರೆ ‘ಮೂವ್‌ಮೆಂಟ್’ ಕೂಡ ಬರಬಹುದು. ಪೂರ್ತಿ ಹೆಸರನ್ನು ಉದ್ಧರಣ ಚಿಹ್ನೆಯೊಳಗೆ ಹಾಕಿ, ಉದಾಹರಣೆಗೆ ‘ರಮೋನಾ ಆಫ್ರಿಕಾ’. ಇಲ್ಲವೇ ಬೀದಿಯ ಹೆಸರು ಹಾಕಿ, ‘ಓಸೇಜ್ ಅವೆನ್ಯೂ’.

ಹಳೆಯ ಕಾಲಕ್ಕೆ ಹೋದಷ್ಟೂ ಈ ತೊಂದರೆ ಹೆಚ್ಚು. ಭಾರತದ ಸ್ವಾತಂತ್ರ್ಯಕ್ಕಾಗಿ ಸ್ಯಾನ್ ಫ್ರಾನ್ಸಿಸ್ಕೊದಿಂದ ಕೆಲಸ ಮಾಡಿದ ಗದರ್ ಪಕ್ಷವನ್ನೇ ತೆಗೆದುಕೊಳ್ಳಿ. ಅದರ ಪತ್ರಿಕೆ ಶುರುವಾಗಿದ್ದು 1913ರ ನವೆಂಬರ್ 1ರಂದು. ಪಕ್ಷದಲ್ಲಿ ಹೆಚ್ಚಿನವರು ಸಿಖ್ಖರು. ಆದರೂ ಅಂದಿನ ಅಮೆರಿಕನ್ ಪತ್ರಿಕೆ, ಕೋರ್ಟು ಎಲ್ಲವೂ ಅವರನ್ನು ಕರೆದಿದ್ದು ‘ಹಿಂದೂ’ ಎಂದೇ. 1917–18ರ ದೊಡ್ಡ ಮೊಕದ್ದಮೆ ಇಂದಿಗೂ ಪಟ್ಟಿಗಳಲ್ಲಿ ‘ಹಿಂದೂ–ಜರ್ಮನ್ ಸಂಚು’ ಎಂಬ ಹೆಸರಿನಲ್ಲೇ ಇದೆ. ‘ಗದರ್’ ಪದಕ್ಕೂ ಮೂರು ನಾಲ್ಕು ಸ್ಪೆಲಿಂಗ್ ಇವೆ: ‘ಜಿ’ ಆದಮೇಲೆ ‘ಎಚ್’ ಇದ್ದು, ಇಲ್ಲದೆ, ಕೊನೆಯ ‘ಎ’ ಇದ್ದು, ಇಲ್ಲದೆ. ಪಕ್ಷದ ನಾಯಕ ಹರ್ ದಯಾಳ್ ಹೆಸರನ್ನು ಸೇರಿಸಿಯೂ ಬಿಡಿಸಿಯೂ ಬರೆದಿರುತ್ತಾರೆ. ಈ ವಿಷಯದಲ್ಲಿ ಆಸಕ್ತಿ ಇದ್ದವರು ಸೌತ್ ಏಷ್ಯನ್ ಅಮೆರಿಕನ್ ಡಿಜಿಟಲ್ ಆರ್ಕೈವ್ ನೋಡಲೇಬೇಕು.

ಪೋರ್ಟೊ ರಿಕೊದ ಸ್ವಾತಂತ್ರ್ಯ ಹೋರಾಟದ ಕೈದಿಗಳ ಬಗ್ಗೆ ಹುಡುಕುವವರಿಗೆ ಒಂದು ಮಾತು. 1932ರವರೆಗೆ ಅಮೆರಿಕ ಸರ್ಕಾರ ಆ ದ್ವೀಪದ ಹೆಸರನ್ನು ‘ಪಿ’ ಆದಮೇಲೆ ‘ಒ’ ಹಾಕಿ ಬರೆಯುತ್ತಿತ್ತು. ಈಗಿನ ಸ್ಪೆಲಿಂಗ್‌ನಲ್ಲಿ ಅಲ್ಲಿ ‘ಯು’ ಮತ್ತು ‘ಇ’ ಇವೆ. ಹಳೆಯ ದಾಖಲೆಗೆ ಹಳೆಯ ಸ್ಪೆಲಿಂಗೇ ಬೇಕು.

ಹೆಜ್ಜೆ 4: ಕೈದಿಯ ಹೆಸರಲ್ಲಿ ಸಿಗದಿದ್ದರೆ ಅವರ ಸುತ್ತ ಇದ್ದವರ ಹೆಸರಲ್ಲಿ ಹುಡುಕಿ

ಜೈಲಿನಲ್ಲಿ ಇರುವವರು ತಮ್ಮ ಕಾಗದಪತ್ರವನ್ನು ತಾವೇ ಜೋಪಾನ ಮಾಡಲು ಆಗುವುದಿಲ್ಲ ಅಲ್ವಾ? ಅದನ್ನು ಇಟ್ಟುಕೊಂಡವರು ಹೊರಗಿನವರು. ಬಿಡುಗಡೆಗಾಗಿ ಕಟ್ಟಿದ ಸಮಿತಿ, ವಕೀಲರು, ಗೆಳೆಯರು, ತಾಯಂದಿರು. ಹಾಗಾಗಿ ದಾಖಲೆ ಅವರ ಹೆಸರಿನ ಪೆಟ್ಟಿಗೆಯಲ್ಲಿ ಇರುತ್ತದೆ.

ಹೋರಾಟಗಾರ್ತಿ ಏಂಜೆಲಾ ಡೇವಿಸ್ 1970ರ ಅಕ್ಟೋಬರ್‌ನಲ್ಲಿ ಬಂಧನಕ್ಕೊಳಗಾದರು, 1972ರ ಜೂನ್‌ನಲ್ಲಿ ನಿರ್ದೋಷಿ ಎಂದು ತೀರ್ಪು ಬಂತು. ಆ ಹೊತ್ತಿನ ಪೋಸ್ಟರ್, ಸುತ್ತೋಲೆ, ಹಣ ಸಂಗ್ರಹದ ಚೀಟಿ ಬೇಕಿದ್ದರೆ ‘ನ್ಯಾಷನಲ್ ಯುನೈಟೆಡ್ ಕಮಿಟಿ ಟು ಫ್ರೀ ಏಂಜೆಲಾ ಡೇವಿಸ್’ ಎಂದು ಹುಡುಕಿ. ಬೇರೆಯವರಿಗೂ ಇದೇ ದಾರಿ: ‘ಫ್ರೀ’, ‘ಡಿಫೆನ್ಸ್ ಕಮಿಟಿ’, ‘ಡಿಫೆನ್ಸ್ ಫಂಡ್’ ಎಂಬ ಪದಗಳ ಜೊತೆ ಹೆಸರು ಸೇರಿಸಿ. ವಕೀಲರಲ್ಲಿ ವಿಲಿಯಂ ಕುನ್ಸ್ಟ್ಲರ್, ಚಾರ್ಲ್ಸ್ ಗ್ಯಾರಿ, ಫೇ ಸ್ಟೆಂಡರ್ ಹೆಸರು ಮತ್ತೆ ಮತ್ತೆ ಬರುತ್ತವೆ.

ಒಂದೇ ಪ್ರಕರಣದ ಆರೋಪಿಗಳಿಗೆ ಒಟ್ಟಾಗಿ ಬಂದ ಗುಂಪಿನ ಹೆಸರುಗಳನ್ನೂ ಮರೆಯಬೇಡಿ. ಸೋಲೆಡಾಡ್ ಬ್ರದರ್ಸ್, ಸ್ಯಾನ್ ಕ್ವೆಂಟಿನ್ ಸಿಕ್ಸ್, ಆಟಿಕಾ ಬ್ರದರ್ಸ್, ವಿಲ್ಮಿಂಗ್ಟನ್ ಟೆನ್. ನ್ಯೂಯಾರ್ಕ್‌ನ ‘ಪ್ಯಾಂಥರ್ 21’ ಮೊಕದ್ದಮೆಯನ್ನು ‘ನ್ಯೂಯಾರ್ಕ್ 21’ ಎಂದೂ ಬರೆದಿದ್ದಾರೆ. ಸಂಖ್ಯೆಯನ್ನು ಅಂಕಿಯಲ್ಲಿ ಒಂದು ಸಲ, ಅಕ್ಷರದಲ್ಲಿ ಒಂದು ಸಲ ಹಾಕಿ. ‘ಷಿಕಾಗೊ 8’ ಮತ್ತು ‘ಷಿಕಾಗೊ 7’ ಒಂದೇ ಮೊಕದ್ದಮೆ. ಆರೋಪಿಗಳಲ್ಲಿ ಒಬ್ಬರಾದ ಬಾಬ್ಬಿ ಸೀಲ್ ಅವರ ವಿಚಾರಣೆಯನ್ನು ನ್ಯಾಯಾಧೀಶರು ಬೇರೆ ಮಾಡಿದ್ದರಿಂದ ಎಂಟು ಏಳಾಯಿತು.

ಜೈಲಿನ ಹೆಸರು, ತಾರೀಖು ಕೂಡ ಒಳ್ಳೆಯ ಬಾಗಿಲು. 1971ರ ಆಗಸ್ಟ್ 21ರಂದು ಸ್ಯಾನ್ ಕ್ವೆಂಟಿನ್ ಜೈಲಿನಲ್ಲಿ ಸೋಲೆಡಾಡ್ ಬ್ರದರ್ಸ್‌ನಲ್ಲಿ ಒಬ್ಬನಾದ ಜಾರ್ಜ್ ಜಾಕ್ಸನ್ ಕಾವಲುಗಾರರ ಗುಂಡಿಗೆ ಸತ್ತ. ಸೆಪ್ಟೆಂಬರ್ 9ರಂದು ನ್ಯೂಯಾರ್ಕ್ ರಾಜ್ಯದ ಆಟಿಕಾ ಜೈಲಿನ ಕೈದಿಗಳು ಎದ್ದರು. 13ರಂದು ಸರ್ಕಾರ ಗುಂಡು ಹಾರಿಸಿ ಜೈಲನ್ನು ವಾಪಸ್ ಹಿಡಿಯಿತು. ಒಟ್ಟು 43 ಜನ ಸತ್ತರು. ಈ ಮೂರ‍್ನಾಲ್ಕು ವಾರದ ದಾಖಲೆಗಳನ್ನು ತಾರೀಖಿನ ಕ್ರಮದಲ್ಲಿ ಸುಮ್ನೆ ಓದುತ್ತಾ ಹೋಗಿ. ಒಂದು ಜೈಲಿನ ಸುದ್ದಿ ಇನ್ನೊಂದು ಜೈಲಿಗೆ ಹೇಗೆ ಹೋಯಿತು ಅನ್ನುವುದು ತಾನಾಗಿ ಕಾಣುತ್ತದೆ. ಇದನ್ನು ಯಾವ ಕೀವರ್ಡ್ ಕೂಡ ತೋರಿಸಿಕೊಡುವುದಿಲ್ಲ.

ಹೆಜ್ಜೆ 5: ತಾರೀಖನ್ನು, ಸ್ಕ್ಯಾನನ್ನು ಪೂರ್ತಿ ನಂಬಬೇಡಿ

ಟೇಪಿನ ಮೇಲಿನ ತಾರೀಖು ಭಾಷಣ ಮಾಡಿದ ದಿನದ್ದೋ, ಪ್ರಸಾರವಾದ ದಿನದ್ದೋ, ಪ್ರತಿ ಮಾಡಿದ ದಿನದ್ದೋ ಹೇಳುವುದು ಕಷ್ಟ. ವರ್ಷ ಮಾತ್ರ ಗೊತ್ತಿದ್ದಾಗ ಕೆಲವು ಡೇಟಾಬೇಸ್‌ಗಳು ಜನವರಿ 1 ಎಂದು ತುಂಬಿಬಿಡುತ್ತವೆ. ಜನವರಿ 1ರಂದು ವಿಪರೀತ ಭಾಷಣಗಳು ಕಂಡರೆ ಕಾರಣ ಇದೇ. ತಾರೀಖೇ ಇಲ್ಲದ ದಾಖಲೆಗಳು ವರ್ಷದ ಫಿಲ್ಟರ್ ಹಾಕಿದ ತಕ್ಷಣ ಮಾಯವಾಗಬಹುದು. ಆದ್ದರಿಂದ ಒಂದು ಸಲ ಫಿಲ್ಟರ್ ಇಲ್ಲದೆಯೂ ಹುಡುಕಿ.

ಟೇಪು ಕೇಳುವಾಗ ಮೊದಲ ಒಂದೆರಡು ನಿಮಿಷ ಮತ್ತು ಕೊನೆಯ ಒಂದೆರಡು ನಿಮಿಷ ತಪ್ಪಿಸಬೇಡಿ. ನಿರೂಪಕರು ಸ್ಟೇಷನ್ ಹೆಸರು, ಊರು, ಮುಂದಿನ ಸಭೆಯ ದಿನ ಹೇಳುವುದು ಅಲ್ಲೇ. ‘ಮುಂದಿನ ಶನಿವಾರ ಕೋರ್ಟಿನ ಎದುರು ಬನ್ನಿ’ ಎಂಬ ಒಂದು ಮಾತಿನಿಂದ ತಾರೀಖು ಸಿಕ್ಕಿಬಿಡುತ್ತದೆ.

ಹಳೆಯ ಪತ್ರಿಕೆಗಳ ಸ್ಕ್ಯಾನ್‌ಗಳಲ್ಲಿ ಅಕ್ಷರ ಓದುವುದು ಯಂತ್ರ. ಅಗ್ಗದ ಕಾಗದ, ಹರಡಿದ ಮಸಿ, ಚಿತ್ರದ ಮೇಲೆ ಅಚ್ಚಾದ ಸಾಲು, ಇದೆಲ್ಲ ಅದಕ್ಕೆ ಕಷ್ಟ. ‘ಡಬ್ಲ್ಯೂ’ವನ್ನು ಎರಡು ‘ವಿ’ ಎಂದು ಓದುತ್ತದೆ. ‘ಆರ್’ ಮತ್ತು ‘ಎನ್’ ಅಂಟಿಕೊಂಡರೆ ‘ಎಂ’ ಎನ್ನುತ್ತದೆ. ಸಾಲಿನ ಕೊನೆಯಲ್ಲಿ ಮುರಿದ ಹೆಸರು ಅರ್ಧರ್ಧವೇ ಉಳಿಯುತ್ತದೆ. ಪ್ಯಾಂಥರ್ ಪಕ್ಷದ ಪತ್ರಿಕೆ 1967ರಿಂದ 1980ರವರೆಗೆ ಬಂತು. ಅದರಲ್ಲಿ ಹೆಸರು ಹಾಕಿ ಸಿಗಲಿಲ್ಲ ಎಂದ ಮಾತ್ರಕ್ಕೆ ಆ ಹೆಸರು ಅಲ್ಲಿಲ್ಲ ಎಂದಲ್ಲ. ನಿಮಗೆ ಬೇಕಾದ ವಾರದ ಸಂಚಿಕೆ ತೆಗೆದು ಕಣ್ಣಲ್ಲೇ ಪುಟ ತಿರುವಿ.

ಉದ್ಧರಣ ಚಿಹ್ನೆ, ನಕ್ಷತ್ರ ಚಿಹ್ನೆ, ಮೈನಸ್ ಚಿಹ್ನೆ ಎಲ್ಲಾ ಕಡೆ ಒಂದೇ ಥರ ಕೆಲಸ ಮಾಡುವುದಿಲ್ಲ. ಪ್ರತಿ ಆರ್ಕೈವ್‌ನ ಸಹಾಯ ಪುಟವನ್ನು ಒಮ್ಮೆ ಓದಿಬಿಡಿ.

ಹೆಜ್ಜೆ 6: ಎಫ್‌ಬಿಐ ಪುಟವನ್ನು ಓದುವ ಬಗೆ

ಮೊದಲು ಇದರ ಹಿನ್ನೆಲೆ. 1956ರಿಂದ 1971ರವರೆಗೆ ಎಫ್‌ಬಿಐ ‘ಕೊಯಿಂಟೆಲ್‌ಪ್ರೊ’ ಎಂಬ ಗುಟ್ಟಿನ ಕಾರ್ಯಾಚರಣೆ ನಡೆಸಿತು. ಚಳವಳಿಗಳ ಒಳಗೆ ನುಗ್ಗುವುದು, ಒಡೆಯುವುದು, ಹೆಸರು ಕೆಡಿಸುವುದು ಅದರ ಕೆಲಸ. ಅದು ಹೊರಬಂದದ್ದು 1971ರ ಮಾರ್ಚ್ 8ರ ರಾತ್ರಿ. ಪೆನ್ಸಿಲ್ವೇನಿಯಾದ ಮೀಡಿಯಾ ಎಂಬ ಊರಿನ ಎಫ್‌ಬಿಐ ಕಚೇರಿಗೆ ಕೆಲವು ನಾಗರಿಕರು ನುಗ್ಗಿ ಫೈಲುಗಳನ್ನು ಹೊತ್ತೊಯ್ದು ಪತ್ರಿಕೆಗಳಿಗೆ ಕಳಿಸಿದರು. ಅದರಲ್ಲಿ ಒಂದು ಚೀಟಿಯ ಮೇಲೆ ಈ ಪದ ಇತ್ತು. ಟಿವಿ ವರದಿಗಾರ ಕಾರ್ಲ್ ಸ್ಟರ್ನ್ ಇದೇನು ಎಂದು ಬೆನ್ನುಹತ್ತಿ, ದಾವೆ ಹೂಡಿ, 1973ರ ಕೊನೆಗೆ ಮೊದಲ ಕಾಗದಗಳನ್ನು ಪಡೆದರು. ಹುಡುಕುವವರಿಗೆ ಇದರಿಂದ ಒಂದು ನೇರ ಪಾಠವಿದೆ: 1971ಕ್ಕೂ ಮುಂಚಿನ ಪತ್ರಿಕೆ, ಕರಪತ್ರ, ಭಾಷಣಗಳಲ್ಲಿ ‘ಕೊಯಿಂಟೆಲ್‌ಪ್ರೊ’ ಎಂದು ಹುಡುಕಿ ಪ್ರಯೋಜನವಿಲ್ಲ. ಆ ಜನಕ್ಕೆ ಆ ಹೆಸರೇ ಗೊತ್ತಿರಲಿಲ್ಲ. ‘ಹರಾಸ್‌ಮೆಂಟ್’, ‘ಫ್ರೇಮ್-ಅಪ್’, ‘ಇನ್ಫಾರ್ಮರ್’, ‘ರೆಡ್ ಸ್ಕ್ವಾಡ್’ (ಚಳವಳಿಗಳ ಮೇಲೆ ಕಣ್ಣಿಡುತ್ತಿದ್ದ ಪೊಲೀಸ್ ದಳ) ಎಂದು ಹಾಕಿ.

ಈಗ ಒಂದು ಪುಟವನ್ನು ತೆರೆಯಿರಿ. ಅಂಚಿನಲ್ಲಿ ಫೈಲ್ ನಂಬರ್ ಇರುತ್ತದೆ, ಅಡ್ಡಗೆರೆಗಳ ನಡುವೆ ಮೂರು ಭಾಗ. ಮೊದಲ ಸಂಖ್ಯೆ ವಿಷಯದ ವರ್ಗ. 100 ಎಂದರೆ ದೇಶದೊಳಗಿನ ಭದ್ರತೆ, 44 ಎಂದರೆ ನಾಗರಿಕ ಹಕ್ಕು. ಎರಡನೆಯದು ಆ ಪ್ರಕರಣದ ಸಂಖ್ಯೆ. 100-448006 ಎಂದು ಕಂಡರೆ ಅದು ಕಪ್ಪು ಜನರ ಸಂಘಟನೆಗಳ ವಿರುದ್ಧದ ಕೊಯಿಂಟೆಲ್‌ಪ್ರೊ ಫೈಲು. ಮೂರನೆಯದು ಆ ಫೈಲಿನಲ್ಲಿ ಈ ಕಾಗದದ ಕ್ರಮಸಂಖ್ಯೆ. 40 ಆದಮೇಲೆ 43 ಬಂದರೆ ನಡುವಿನ ಎರಡು ಬಿಟ್ಟುಹೋಗಿವೆ ಅಥವಾ ಕೊಟ್ಟಿಲ್ಲ. ಅದನ್ನು ಗುರುತು ಹಾಕಿಕೊಳ್ಳಿ, ಮುಂದೆ ಕೇಳಲು ಬೇಕಾಗುತ್ತದೆ.

ಕಪ್ಪು ಅಥವಾ ಬಿಳಿ ಪಟ್ಟಿ ಹಾಕಿ ಮುಚ್ಚಿದ ಜಾಗದ ಪಕ್ಕ ಸಣ್ಣ ಸಂಕೇತಗಳಿರುತ್ತವೆ. ಅಮೆರಿಕದ ಮಾಹಿತಿ ಸ್ವಾತಂತ್ರ್ಯ ಕಾಯ್ದೆಯ ಯಾವ ವಿನಾಯಿತಿಯಡಿ ಮುಚ್ಚಿದ್ದಾರೆ ಎಂದು ಅವು ಹೇಳುತ್ತವೆ. ‘ಬಿ1’ ಎಂದರೆ ರಾಷ್ಟ್ರೀಯ ಭದ್ರತೆ. ‘ಬಿ7ಸಿ’ ಎಂದರೆ ಒಬ್ಬ ವ್ಯಕ್ತಿಯ ಖಾಸಗಿತನ. ‘ಬಿ7ಡಿ’ ಎಂದರೆ ಗುಪ್ತ ಮೂಲ, ಅಂದರೆ ಸುದ್ದಿ ಕೊಟ್ಟವರು. ಮುಚ್ಚಿದ್ದನ್ನು ಓದಲಾಗದಿದ್ದರೂ ಅಲ್ಲಿ ಗುಟ್ಟಾಗಿ ಸುದ್ದಿ ಕೊಟ್ಟ ಒಂದು ಮೂಲ ಇತ್ತು ಎಂದು ಎಫ್‌ಬಿಐ ಹೇಳುತ್ತಿದೆ ಎಂಬುದಂತೂ ಗೊತ್ತಾಯಿತು. ಒಂದೇ ಪುಟ ಬೇರೆ ಬೇರೆ ಸಲ ಬಿಡುಗಡೆಯಾದಾಗ ಬೇರೆ ಬೇರೆ ಸಾಲು ಮುಚ್ಚಿರುವುದುಂಟು. ವಾಲ್ಟ್‌ನಲ್ಲಿ ಮುಚ್ಚಿದ ಸಾಲು, ಎಫ್‌ಬಿಐ ಕೃತ್ಯಗಳ ತನಿಖೆ ಮಾಡಿದ ಸೆನೆಟ್‌ನ ಚರ್ಚ್ ಸಮಿತಿ (ಅಧ್ಯಕ್ಷ ಫ್ರ್ಯಾಂಕ್ ಚರ್ಚ್ ಅವರ ಹೆಸರಿನದು) 1976ರಲ್ಲಿ ಹೊರತಂದ ಸಂಪುಟಗಳಲ್ಲೋ ಒಂದು ಕೋರ್ಟ್ ಕಡತದಲ್ಲೋ ತೆರೆದಿರಬಹುದು. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ.

ಹೆಜ್ಜೆ 7: ಸುಳ್ಳು ದಾಖಲೆಯೂ ದಾಖಲೆಯೇ, ಆದರೆ ಜೋಪಾನ

1969ರ ಜನವರಿಯಲ್ಲಿ ಷಿಕಾಗೊದ ಬ್ಲ್ಯಾಕ್‌ಸ್ಟೋನ್ ರೇಂಜರ್ಸ್ ಎಂಬ ಬೀದಿ ಗ್ಯಾಂಗಿನ ನಾಯಕ ಜೆಫ್ ಫೋರ್ಟ್‌ಗೆ ಒಂದು ಪತ್ರ ಕಳಿಸಲು ಎಫ್‌ಬಿಐ ಒಪ್ಪಿಗೆ ಕೊಟ್ಟಿತು. ಪ್ಯಾಂಥರ್‌ಗಳು ನಿನ್ನನ್ನು ಮುಗಿಸಲು ಹೊರಟಿದ್ದಾರೆ ಎಂಬುದು ಅದರ ಸಾರ. ಕೆಳಗೆ ಸಹಿ, ನಿನಗೆ ಪರಿಚಯವಿಲ್ಲದ ಒಬ್ಬ ಕಪ್ಪು ಸಹೋದರ ಎಂದು. ಬರೆದವರು ಎಫ್‌ಬಿಐನವರೇ. ಎರಡು ಗುಂಪು ಕಾದಾಡಲಿ ಎಂಬುದೇ ಉದ್ದೇಶ. ಚರ್ಚ್ ಸಮಿತಿಯ ವರದಿಯಲ್ಲಿ ಇದೆಲ್ಲ ದಾಖಲಾಗಿದೆ.

ಇಂಥ ಪತ್ರ, ಕಾರ್ಟೂನು, ಕರಪತ್ರ ಆರ್ಕೈವ್‌ಗಳಲ್ಲಿ ಬೇರೆಯವುಗಳ ನಡುವೆಯೇ ಇರಬಹುದು. ಇನ್ನೂ ನೋವಿನ ವಿಷಯ, ನಿಷ್ಠಾವಂತ ಸದಸ್ಯರನ್ನು ಪೊಲೀಸ್ ಏಜೆಂಟರು ಎಂದು ಬೇಕಂತಲೇ ಬಿಂಬಿಸುವುದು ಎಫ್‌ಬಿಐ ಬಳಸಿದ ವಿಧಾನಗಳಲ್ಲಿ ಒಂದು. ಅದರಿಂದ ಸ್ನೇಹಗಳು ಮುರಿದವು, ಕೆಲವರ ಜೀವಕ್ಕೇ ಅಪಾಯ ಬಂತು. ಹಾಗಾಗಿ ‘ಇಂಥವರು ಮಾಹಿತಿದಾರ’ ಎಂಬ ಒಂದು ಸಾಲು ಸಿಕ್ಕಿದರೆ ಅದನ್ನು ಹಿಡಿದು ಬರೆಯಲು ಹೋಗಬೇಡಿ. ಆ ಸಾಲು ಬರೆದವರು ಯಾರು, ಯಾರಿಗೆ ಬರೆದರು, ಕೋರ್ಟಿನಲ್ಲೋ ಪ್ರಮಾಣ ಮಾಡಿ ಕೊಟ್ಟ ಹೇಳಿಕೆಯಲ್ಲೋ ಅದು ಸಾಬೀತಾಗಿದೆಯೇ ಎಂದು ನೋಡಿ. ಹ್ಯಾಂಪ್ಟನ್ ಮನೆಯ ನಕ್ಷೆ ಕೊಟ್ಟ ಓನೀಲ್ ವಿಷಯದಲ್ಲಿ ಅಂಥ ಸಾಕ್ಷ್ಯ ಇದೆ. ಬಹಳ ಜನರ ವಿಷಯದಲ್ಲಿ ಇಲ್ಲ. ಅವರಲ್ಲಿ ಹಲವರು ಇನ್ನೂ ಬದುಕಿದ್ದಾರೆ, ಅವರ ಮಕ್ಕಳು ಇದ್ದಾರೆ.

ಕೈದಿಗಳ ಖಾಸಗಿ ಪತ್ರಗಳಿಗೂ ಇದೇ ಎಚ್ಚರಿಕೆ. ಮನೆ ವಿಳಾಸ, ಕಾಯಿಲೆ, ಮಕ್ಕಳ ಹೆಸರು ಇವನ್ನೆಲ್ಲ ನಕಲು ಮಾಡಿ ಹಂಚಬೇಡಿ.

ಹೆಜ್ಜೆ 8: ಸಿಕ್ಕಿದ್ದನ್ನು ಬರೆದಿಡಿ

ಪ್ರತಿ ದಾಖಲೆಗೂ ಶೀರ್ಷಿಕೆ, ಕಾಲ್ ನಂಬರ್ (ಆರ್ಕೈವ್ ಅದಕ್ಕೆ ಕೊಟ್ಟ ಗುರುತಿನ ಸಂಖ್ಯೆ), ಸಂಗ್ರಹದ ಹೆಸರು, ತಾರೀಖು, ಕೊಂಡಿ, ನೀವು ನೋಡಿದ ದಿನ. ಟೇಪಾದರೆ ಎಷ್ಟನೇ ನಿಮಿಷ ಎಂಬುದೂ ಬೇಕು. ಜೊತೆಗೆ ನೀವು ಯಾವ ಪದ ಹಾಕಿ ಹುಡುಕಿದಿರಿ ಎಂಬುದನ್ನೂ ಬರೆದಿಡಿ, ಏನೂ ಸಿಗದ ಪದಗಳನ್ನು ಸಹ. ಮತ್ತೆ ಮತ್ತೆ ಅದೇ ದಾರಿಯಲ್ಲಿ ತಿರುಗುವುದು ತಪ್ಪುತ್ತದೆ. ಸಣ್ಣ ಸಂಸ್ಥೆಗಳ ಪುಟಗಳು ಸ್ಥಳ ಬದಲಿಸುವುದು ಸಾಮಾನ್ಯ. ಇಂಟರ್ನೆಟ್ ಆರ್ಕೈವ್‌ನ ವೇಬ್ಯಾಕ್ ಮಷೀನ್‌ನಲ್ಲಿ ಕೊಂಡಿಯನ್ನು ಉಳಿಸಿಟ್ಟರೆ ಒಳ್ಳೆಯದು.

ಹೆಜ್ಜೆ 9: ಪರದೆಯ ಮೇಲೆ ಇಲ್ಲದ್ದನ್ನು ಕೇಳಿ

ಇಂಥ ಸಂಗ್ರಹಗಳಲ್ಲಿ ಸ್ಕ್ಯಾನ್ ಆಗಿರುವುದು ಒಂದು ಪಾಲು ಮಾತ್ರ. ಉಳಿದದ್ದು ಪೆಟ್ಟಿಗೆಗಳಲ್ಲಿದೆ. ಪ್ಯಾಂಥರ್ ಪಕ್ಷ ಕಟ್ಟಿದವರಲ್ಲಿ ಒಬ್ಬರಾದ ಹ್ಯೂಯಿ ನ್ಯೂಟನ್ ಹೆಸರಿನ ಫೌಂಡೇಶನ್‌ನ ಕಾಗದಪತ್ರ ಸ್ಟ್ಯಾನ್‌ಫರ್ಡ್‌ನಲ್ಲಿವೆ. ಏಂಜೆಲಾ ಡೇವಿಸ್ ಅವರದ್ದು ಹಾರ್ವರ್ಡ್‌ನ ಶ್ಲೆಸಿಂಜರ್ ಗ್ರಂಥಾಲಯದಲ್ಲಿ. ಮುಮಿಯಾ ಅಬು-ಜಮಾಲ್ ಅವರದ್ದು ಬ್ರೌನ್ ವಿಶ್ವವಿದ್ಯಾಲಯದಲ್ಲಿ. ಪ್ರತಿಯೊಂದಕ್ಕೂ ‘ಫೈಂಡಿಂಗ್ ಏಡ್’ ಎಂಬ ಪಟ್ಟಿ ಇರುತ್ತದೆ. ಯಾವ ಪೆಟ್ಟಿಗೆ, ಯಾವ ಫೋಲ್ಡರ್, ಒಳಗೆ ಏನು ಎಂದು ಅದರಲ್ಲಿ ಬರೆದಿರುತ್ತದೆ. ಆರ್ಕೈವ್‌ಗ್ರಿಡ್ ಎಂಬ ತಾಣದಲ್ಲಿ ಹೆಸರು ಹಾಕಿದರೆ ಯಾವ ಸಂಸ್ಥೆಯಲ್ಲಿ ಪೆಟ್ಟಿಗೆ ಇದೆ ಎಂದು ತಿಳಿಯುತ್ತದೆ.

ಆಮೇಲೆ ಆರ್ಕೈವ್‌ನವರಿಗೆ ಇಮೇಲ್ ಬರೆಯಿರಿ. ‘ಪ್ಯಾಂಥರ್‌ಗಳ ಬಗ್ಗೆ ಏನಿದೆ ಕಳಿಸಿ’ ಎಂದು ಬರೆದರೆ ಯಾರಿಗೂ ಸಹಾಯ ಮಾಡಲಾಗುವುದಿಲ್ಲ. ಹೀಗೆ ಬರೆಯಿರಿ: ‘ನಾನು ಆಟಿಕಾ ಬಂಡಾಯದ ಮೊದಲ ವಾರದಲ್ಲಿ ಪ್ರಸಾರವಾದ ರೇಡಿಯೊ ವರದಿಗಳನ್ನು ಹುಡುಕುತ್ತಿದ್ದೇನೆ. ನಿಮ್ಮ ಪಟ್ಟಿಯಲ್ಲಿ ಈ ಕಾಲ್ ನಂಬರಿನ ಟೇಪು ಇದೆ, ಡಿಜಿಟಲ್ ಆಗಿಲ್ಲ. ಇದರ ಪ್ರತಿ ಪಡೆಯಲು ಏನು ಮಾಡಬೇಕು?’ ಫ್ರೀಡಂ ಆರ್ಕೈವ್ಸ್‌ನಂಥ ಕಡೆ ಕೆಲಸ ಮಾಡುವವರು ಕೆಲವೇ ಜನ. ಆದರೆ ಅವರಿಗೆ ಆ ಟೇಪುಗಳು ಕೈಯಾರೆ ಗೊತ್ತು, ಆ ಜನರೂ ಗೊತ್ತು. ಅಂಥವರಿಂದ ಬರುವ ಒಂದು ಉತ್ತರ ನೂರು ಸರ್ಚ್‌ಗಿಂತ ಮೇಲು. ಎರಡು ಮೂರು ವಾರ ಕಾಯಿರಿ, ಆಮೇಲೆ ಒಮ್ಮೆ ನೆನಪಿಸಿ.

ಸರ್ಕಾರದ ಫೈಲು ಬೇಕಿದ್ದರೆ 1966ರ ಮಾಹಿತಿ ಸ್ವಾತಂತ್ರ್ಯ ಕಾಯ್ದೆಯಡಿ ಅರ್ಜಿ ಹಾಕಬಹುದು. ಅಮೆರಿಕದ ಪ್ರಜೆಯೇ ಆಗಿರಬೇಕು ಎಂದೇನಿಲ್ಲ. ತೀರಿಕೊಂಡವರ ಫೈಲು ಕೇಳುವಾಗ ಅವರು ತೀರಿಕೊಂಡಿದ್ದಾರೆ ಎಂಬುದಕ್ಕೆ ಪುರಾವೆ ಸೇರಿಸಿ, ಪತ್ರಿಕೆಯ ನಿಧನ ವಾರ್ತೆ ಆದರೂ ಸಾಕು. ಬದುಕಿರುವವರ ಫೈಲು ಅವರ ಒಪ್ಪಿಗೆ ಇಲ್ಲದೆ ಸಿಗುವುದು ಕಷ್ಟ. ಕಾನೂನಿನಲ್ಲಿ 20 ಕೆಲಸದ ದಿನ ಎಂದಿದ್ದರೂ ಎಷ್ಟೋ ಸಲ ವರ್ಷಗಳೇ ಹಿಡಿಯುತ್ತವೆ. ಹಾಗಾಗಿ ಅರ್ಜಿ ಹಾಕುವ ಮೊದಲು ಅದೇ ಫೈಲನ್ನು ಬೇರೆಯವರು ಆಗಲೇ ಪಡೆದಿದ್ದಾರೆಯೇ ಎಂದು ವಾಲ್ಟ್‌ನಲ್ಲೂ, ಇಂಥ ಅರ್ಜಿಗಳಿಗೆ ಸಿಕ್ಕ ದಾಖಲೆಗಳನ್ನು ಹಾಕುವ ಮಕ್‌ರಾಕ್ ತಾಣದಲ್ಲೂ ನೋಡಿ. ಅರ್ಜಿಯಲ್ಲಿ ಹೆಸರಿನ ಎಲ್ಲಾ ರೂಪ, ಹುಟ್ಟಿದ ದಿನ, ಊರು, ಗೊತ್ತಿದ್ದರೆ ಫೈಲ್ ನಂಬರ್ ಕೊಡಿ. ಬಿಟ್ಟುಹೋದ ಕ್ರಮಸಂಖ್ಯೆಗಳನ್ನು ಗುರುತು ಹಾಕಿಕೊಂಡಿದ್ದಿರಲ್ಲ, ಅವನ್ನೂ ಇಲ್ಲೇ ಹೆಸರಿಸಿ ಕೇಳಿ. ಉತ್ತರ ಬಂದಾಗ ಪುಟಗಳನ್ನು ಜಾಸ್ತಿ ಮುಚ್ಚಿದ್ದಾರೆ ಅನ್ನಿಸಿದರೆ 90 ದಿನದೊಳಗೆ ಮೇಲ್ಮನವಿ ಹಾಕಲು ಅವಕಾಶವಿದೆ.